ಪಾರ್ಸೆಲ್ ಕಡಿಮೆ, ನೋವು ಹೆಚ್ಚು: ದೇಹಕ್ಕೆ ಒಗ್ಗುವ ಡೆಲಿವರಿ ರೂಟ್ ಹುಡುಕಿದ ಒಂದು ಪ್ರಕರಣ

ಡೆಲಿವರಿ ಕೆಲಸದಲ್ಲಿ ಸೊಂಟ ಹಿಡಿದುಕೊಂಡವರಿಗೆ ಹಬ್‌ನಲ್ಲಿ, ಅಂದರೆ ಪಾರ್ಸೆಲ್ ವಿಂಗಡಿಸಿ ಹಂಚುವ ಕೇಂದ್ರದಲ್ಲಿ, ಸಿಗುವ ಮೊದಲ ಸಲಹೆ, ಪಾರ್ಸೆಲ್ ಕಡಿಮೆ ಇರುವ ರೂಟ್ ಕೇಳಿ ತೆಗೆದುಕೊಳ್ಳಿ ಎಂಬುದು. ಕೇಳುವುದಕ್ಕೆ ಸರಿಯಾಗಿಯೇ ಇದೆ. ನಾನು ನೋಡಿದ ಒಬ್ಬ ಡೆಲಿವರಿ ಕಾರ್ಮಿಕರ ಪ್ರಕರಣದಲ್ಲಿ ಮಾತ್ರ ಆ ಸಲಹೆಯನ್ನು ಪಾಲಿಸಿದ ಮೇಲೆಯೇ ನೋವು ಬಲಿಯಿತು. ಕೊನೆಗೆ ಅವರ ದೇಹಕ್ಕೆ ಒಗ್ಗಿದ್ದು, ಹಬ್‌ನಲ್ಲಿ ಎಲ್ಲರೂ ಬೇಡ ಎನ್ನುತ್ತಿದ್ದ, ಪಾರ್ಸೆಲ್ ಅತಿ ಹೆಚ್ಚು ಇರುವ ಪೇಟೆಯ ರೂಟ್. ನಾನು ಚಿಕ್ಕಮಗಳೂರಿನಲ್ಲಿ ಫಿಸಿಯೋಥೆರಪಿಸ್ಟ್. ಇದೇ ತೊಂದರೆ ಹೊತ್ತು ಬರುವ ಡೆಲಿವರಿ ಕಾರ್ಮಿಕರು ಹೆಚ್ಚುತ್ತಿರುವುದರಿಂದ, ಒಬ್ಬರ ವಿಚಾರವನ್ನಾದರೂ ಬಿಡಿಬಿಡಿಯಾಗಿ ಬರೆದಿಡಬೇಕೆನಿಸಿತು. ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ವ್ಯಕ್ತಿ ಮತ್ತು ನೋವು

ವಯಸ್ಸು 39. ಮೊದಲು ಗೂಡ್ಸ್ ಆಟೋ ಓಡಿಸುತ್ತಿದ್ದವರು, ನಂತರ ಬೈಕಿನಲ್ಲಿ ಪಾರ್ಸೆಲ್ ಹಂಚುವ ಕೆಲಸಕ್ಕೆ ಸೇರಿದರು. ದುಡಿಮೆ ಪಾರ್ಸೆಲ್ ಲೆಕ್ಕದ್ದು. ಕೊಟ್ಟಷ್ಟಕ್ಕೆ ಹಣ, ರಜೆ ಹಾಕಿದರೆ ಅಂದಿನ ಕೈ ಖಾಲಿ. ಮೊದಲು ಬಡಾವಣೆಗಳ ರೂಟ್‌ನಲ್ಲಿದ್ದರು. ಅಲ್ಲಿ ಬಲ ಮಂಡಿ ನೋಯತೊಡಗಿತು, ಜೊತೆಗೆ ಸೊಂಟವೂ ಅಷ್ಟಿಷ್ಟು. ಹಬ್‌ನ ಉಸ್ತುವಾರಿ, ಇವರಿಗಿಂತ ಕಿರಿಯ, ಕಾಳಜಿಯಿಂದಲೇ ಹೇಳಿದ್ದರಂತೆ: "ಅಣ್ಣ, ಆಲ್ದೂರು ಕಡೆಯ ತೋಟದ ರೂಟ್ ತೆಗೆದುಕೊಳ್ಳಿ. ದಿನಕ್ಕೆ ಇಪ್ಪತ್ತೈದು ಮೂವತ್ತು ಪಾರ್ಸೆಲ್, ಆರಾಮವಾಗಿ ಹೋಗಿ ಬನ್ನಿ." ಪೆಟ್ರೋಲಿಗೆಂದು ಒಂದಿಷ್ಟು ಹೆಚ್ಚುವರಿ ಹಣವೂ ಸಿಗುತ್ತಿತ್ತು. ಇವರು ಸಂತೋಷದಿಂದ ಒಪ್ಪಿದರು. ನಾಲ್ಕೈದು ತಿಂಗಳಲ್ಲಿ ಮಂಡಿ ಸುಮಾರಾಗಿ ಸುಧಾರಿಸಿತು, ಸೊಂಟ ಪೂರ್ತಿ ಕೆಟ್ಟಿತು.

ನನ್ನ ಬಳಿ ಬಂದಾಗ ನೋವಿಗೆ ಹತ್ತರಲ್ಲಿ ಏಳು ಅಂಕ ಕೊಟ್ಟರು. ಕಾಲಿಗೆ ಸೆಳೆತವಿರಲಿಲ್ಲ, ಜೋಮು ಇರಲಿಲ್ಲ. ಕಾಲನ್ನು ನೇರವಾಗಿ ಎತ್ತಿ ನೋಡುವ ಪರೀಕ್ಷೆಯಲ್ಲಿ ನರ ಒತ್ತಿದ ಲಕ್ಷಣ ಕಾಣಲಿಲ್ಲ. ಜ್ವರ, ತೂಕ ಇಳಿಯುವುದು, ರಾತ್ರಿ ನಿದ್ದೆಗೆಡಿಸುವ ನೋವು, ಮೂತ್ರದ ಹಿಡಿತ ತಪ್ಪುವುದು, ಪಾದ ಎತ್ತಲು ಬಲವಿಲ್ಲದಿರುವುದು ಯಾವುದೂ ಇರಲಿಲ್ಲ. ಇವುಗಳಲ್ಲಿ ಒಂದಿದ್ದರೂ ರೂಟ್‌ನ ಚರ್ಚೆ ಆಮೇಲೆ, ಮೊದಲು ವೈದ್ಯರ ಬಳಿ ಹೋಗಬೇಕು.

ಇದಕ್ಕಿಂತ ಮುಖ್ಯವಾದದ್ದು ನೋವಿನ ನಡವಳಿಕೆ. ಯಾವಾಗ ಹೆಚ್ಚು, ಯಾವಾಗ ಕಡಿಮೆ ಎಂದು ಬಿಡಿಸಿ ಬಿಡಿಸಿ ಕೇಳಿದೆ. ಮುಂದಕ್ಕೆ ಬಗ್ಗಿದರೆ ಹೆಚ್ಚು. ಬೈಕಿನ ಮೇಲೆ ಅರ್ಧ ಗಂಟೆ ಕುಳಿತು ಇಳಿದ ಕೂಡಲೇ ನೆಟ್ಟಗಾಗಲು ಆಗುವುದಿಲ್ಲ. ಬೆಳಿಗ್ಗೆ ಎದ್ದ ಮೊದಲ ಒಂದು ತಾಸು ಕಷ್ಟ. ನಡೆದಾಡಿದರೆ? "ನಡೆಯುತ್ತಿದ್ದರೆ ಎಷ್ಟೋ ಹಗುರ ಡಾಕ್ಟರೇ. ಸಂತೆಯ ದಿನ ಮನೆಯವಳ ಜೊತೆ ಸುತ್ತಾಡಿದರೆ ನೋವೇ ಇರುವುದಿಲ್ಲ." ಈ ಪ್ರಕರಣದ ಕೀಲಿ ಇರುವುದು ಈ ಉತ್ತರದಲ್ಲಿ. ಬಗ್ಗುವುದು, ಕುಳಿತಿರುವುದು, ಕುಲುಕಾಟ ಈ ಸೊಂಟಕ್ಕೆ ಆಗುವುದಿಲ್ಲ. ನಿಲ್ಲುವುದು, ನಡೆಯುವುದು ಆಗುತ್ತದೆ. ಇದೇ ವಯಸ್ಸಿನ ಇನ್ನೊಬ್ಬರಲ್ಲಿ ಇದು ತಿರುವುಮುರುವಾಗಿ ಇರಬಹುದು. ಆಗ ಆರಿಸಬೇಕಾದ ರೂಟ್ ಕೂಡ ಬೇರೆ.

ದಿನ ಶುರುವಾಗುವುದು ಹಬ್‌ನ ನೆಲದ ಮೇಲೆ

ಅವರ ಜೊತೆ ಹಬ್‌ಗೂ ರೂಟ್‌ಗೂ ಹೋಗಿ ನೋಡಿದೆ. ರೂಟ್‌ನ ವಿಚಾರಕ್ಕೆ ಬರುವ ಮೊದಲು ಹಬ್‌ನಲ್ಲಿ ಕಂಡದ್ದನ್ನು ಹೇಳಬೇಕು.

ಬೆಳಗಿನ ಜಾವ ಬಂದ ಲೋಡ್ ಅನ್ನು ನೆಲಕ್ಕೆ ಸುರಿಯುತ್ತಾರೆ. ಎಲ್ಲರೂ ಸೊಂಟ ಬಾಗಿಸಿ, ಮೊಬೈಲಿನಿಂದ ಒಂದೊಂದನ್ನೇ ಸ್ಕ್ಯಾನ್ ಮಾಡಿ, ತಿರುಗಿ ತಮ್ಮ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಮುಕ್ಕಾಲು ಗಂಟೆ ಇದೇ ಕೆಲಸ. ರಾತ್ರಿ ಮಲಗಿದಾಗ ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬಿರುತ್ತವೆ. ಬೆಳಿಗ್ಗೆ ನಾವೆಲ್ಲ ರಾತ್ರಿಗಿಂತ ಒಂದು ಸೆಂಟಿಮೀಟರಿನಷ್ಟು ಎತ್ತರವಾಗಿರುವುದು ಇದರಿಂದಲೇ. ಹೀಗೆ ಉಬ್ಬಿದ ಡಿಸ್ಕ್ ಅನ್ನು ಬಗ್ಗಿಸಿದಾಗ ಅದರ ಮೇಲೆ ಬೀಳುವ ಒತ್ತಡ, ಮಧ್ಯಾಹ್ನ ಅಷ್ಟೇ ಬಗ್ಗಿದಾಗ ಬೀಳುವುದಕ್ಕಿಂತ ಬಹಳ ಹೆಚ್ಚು. ಹಾಸಿಗೆ ಬಿಟ್ಟೆದ್ದ ಒಂದು ಗಂಟೆಯೊಳಗೆ ಇಷ್ಟು ಬಗ್ಗುವ ಕೆಲಸ ಮಾಡಿಸುವುದು ಸೊಂಟನೋವಿನವರಿಗೆ ನೇರ ಪೆಟ್ಟು.

ಎತ್ತುವ ಭಾರದ ಲೆಕ್ಕವೂ ಇದೆ. ಅಮೆರಿಕದ ನಿಯೋಷ್ ಎಂಬ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಪರಿಷ್ಕರಿಸಿದ ಸೂತ್ರವೊಂದನ್ನು 1991ರಿಂದ ಜಗತ್ತಿನ ಎಷ್ಟೋ ಕಡೆ ಬಳಸುತ್ತಾರೆ. ಎಲ್ಲವೂ ಅನುಕೂಲವಾಗಿದ್ದರೆ ಅದು ಒಪ್ಪುವ ತೂಕ 23 ಕಿಲೋ. ಅನುಕೂಲವೆಂದರೆ, ವಸ್ತು ದೇಹದಿಂದ 25 ಸೆಂಟಿಮೀಟರ್ ದೂರದಲ್ಲಿ, ನೆಲದಿಂದ 75 ಸೆಂಟಿಮೀಟರ್ ಎತ್ತರದಲ್ಲಿ ಇರಬೇಕು, ಮೈ ತಿರುಚಬಾರದು. ದೂರ 50 ಸೆಂಟಿಮೀಟರ್ ಆದರೆ ಮಿತಿ ಅರ್ಧಕ್ಕೆ, ಅಂದರೆ ಹನ್ನೊಂದೂವರೆ ಕಿಲೋಗೆ ಇಳಿಯುತ್ತದೆ. ಅಷ್ಟೇ ದೂರದಲ್ಲಿ ವಸ್ತು ನೆಲದ ಮೇಲಿದ್ದರೆ ಸುಮಾರು 9 ಕಿಲೋ. ಜೊತೆಗೆ 45 ಡಿಗ್ರಿ ಮೈ ತಿರುಚಿದರೆ ಏಳೂವರೆಯ ಆಸುಪಾಸು. ಹಬ್‌ನ ನೆಲದಲ್ಲಿ, ರಾಶಿಯ ಆಚೆ ಬದಿಯಿಂದ ಕೈ ಚಾಚಿ ಎಳೆದುಕೊಳ್ಳುವ 10 ಕಿಲೋದ ಅಕ್ಕಿ ಚೀಲ ಈ ಮಿತಿಯನ್ನು ದಾಟಿಬಿಟ್ಟಿರುತ್ತದೆ. ಅದನ್ನೇ ಮೇಜಿನ ಮೇಲಿಟ್ಟು ಎದೆಗೆ ಹತ್ತಿರ ಹಿಡಿದರೆ ಏನೂ ಅಲ್ಲ.

ಹಾಗಾಗಿ ಮೊದಲ ಬದಲಾವಣೆ ರೂಟ್‌ನದ್ದಲ್ಲ, ಮೇಜಿನದ್ದು. ಹಬ್‌ನ ಮೂಲೆಯಲ್ಲಿ ಹಳೆಯ ಬಾಗಿಲೊಂದು ಒರಗಿಸಿಟ್ಟಿತ್ತು. ಅದನ್ನು ನಾಲ್ಕು ಪ್ಲಾಸ್ಟಿಕ್ ಕ್ರೇಟ್‌ಗಳ ಮೇಲೆ ಅಡ್ಡಲಾಗಿ ಹಾಸಿದರು. ಲೋಡ್ ಇಳಿಸುವ ಹುಡುಗರು ತೂಕದವುಗಳನ್ನು ಅದರ ಮೇಲೆ ಇಡುವುದೆಂದಾಯಿತು. ಖರ್ಚಿಲ್ಲದ ಕೆಲಸ. ಇದರಿಂದ ಅನುಕೂಲವಾದದ್ದು ಇವರೊಬ್ಬರಿಗೆ ಮಾತ್ರವಲ್ಲ.

ನಾಲ್ಕು ರೂಟ್‌ಗಳು

ಚಿಕ್ಕಮಗಳೂರಿನ ವಿಶೇಷವೆಂದರೆ ಪಶ್ಚಿಮಕ್ಕೆ ಹೊರಟರೆ ಕಾಫಿ ತೋಟ, ಏರಿಳಿತ, ಮಳೆ. ಪೂರ್ವಕ್ಕೆ ಹೊರಟರೆ ಸ್ವಲ್ಪ ದೂರದಲ್ಲೇ ಬಯಲುಸೀಮೆ. ಒಂದೇ ಹಬ್‌ನ ರೂಟ್‌ಗಳು ದೇಹದಿಂದ ಬೇಡುವ ದುಡಿಮೆ ಇಷ್ಟು ಬೇರೆಬೇರೆಯಾಗಿರುವ ಊರುಗಳು ಕಡಿಮೆ. ಹಬ್‌ನಲ್ಲಿ ಇವರಿಗೆ ಸಿಗಬಹುದಾಗಿದ್ದ ರೂಟ್‌ಗಳು ನಾಲ್ಕು. ಪ್ರತಿಯೊಂದರಲ್ಲೂ ಪಾರ್ಸೆಲ್ ಎಷ್ಟು, ಕಿಲೋಮೀಟರ್ ಎಷ್ಟು ಎಂಬುದನ್ನು ಬದಿಗಿಟ್ಟು ಬೇರೆ ಲೆಕ್ಕ ಹಾಕಿದೆವು: ಒಂದೇ ಸಮನೆ ಕುಳಿತಿರುವುದು ಎಷ್ಟು ಹೊತ್ತು, ಕೆಟ್ಟ ದಾರಿ ಎಷ್ಟು, ಮೆಟ್ಟಿಲು ಎಷ್ಟು, ಬಗ್ಗುವುದು ಎಷ್ಟು, ನಡಿಗೆ ಎಷ್ಟು. ಅಲ್ಲಿ ಹೋಗುವವರನ್ನೇ ಕೇಳಿ ಅವರು ಒಂದು ಚಿಕ್ಕ ಪುಸ್ತಕದಲ್ಲಿ ಬರೆದುಕೊಂಡು ಬಂದರು.

ಆಗ ಅವರು ಓಡಿಸುತ್ತಿದ್ದ ಆಲ್ದೂರು ಕಡೆಯ ತೋಟದ ರೂಟ್ ಹೊರಗಿನಿಂದ ನೋಡಿದರೆ ಸುಖದ ಕೆಲಸ. ಎರಡು ಬದಿ ಸಿಲ್ವರ್ ಮರ, ಮೆಣಸಿನ ಬಳ್ಳಿ, ಟ್ರಾಫಿಕ್ ಇಲ್ಲ, ಹೋದ ಮನೆಯಲ್ಲಿ ಕಾಫಿ ಕೊಡದೆ ಕಳಿಸುವುದಿಲ್ಲ. ಅವರ ಬೆನ್ನ ಹಿಂದೆ ಬೈಕಿನಲ್ಲಿ ಕುಳಿತು ಹೋದಾಗ ಕಂಡದ್ದು ಬೇರೆ. ಡಾಂಬರು ರಸ್ತೆ ಬಿಟ್ಟು ತೋಟದ ಗೇಟ್ ದಾಟಿದ ಮೇಲೆ ಬಂಗಲೆಗೋ ಕಾರ್ಮಿಕರ ಲೈನ್ ಮನೆಗೋ ಒಂದೆರಡು ಕಿಲೋಮೀಟರ್ ಜಲ್ಲಿ ಕಿತ್ತ ದಾರಿ. ಮಳೆನೀರು ಕೊರೆದ ಕಾಲುವೆಗಳು ಅಡ್ಡಡ್ಡ. ಹೆಗಲಿನ ಚೀಲದಲ್ಲಿ ಹತ್ತು ಹನ್ನೆರಡು ಕಿಲೋ. ಪ್ರತಿ ಗುಂಡಿಗೂ ಸೀಟು ಕೆಳಗಿನಿಂದ ಗುದ್ದುತ್ತದೆ, ಚೀಲ ಮೇಲಿನಿಂದ ಜಗ್ಗುತ್ತದೆ. ಸೊಂಟ ಒನಕೆಗೂ ಒರಳಿಗೂ ನಡುವೆ ಸಿಕ್ಕ ಭತ್ತದಂತೆ. ಬಂಗಲೆ ತಲುಪಿ ಇಳಿದವರು ಕಾಲು ಸಡಿಲಿಸಿಕೊಳ್ಳದೆ ಹಾಗೇ ಬಗ್ಗಿ, ಚೀಲದ ತಳದಿಂದ ಪಾರ್ಸೆಲ್ ಎಳೆಯುತ್ತಿದ್ದರು. ಬಹಳ ಹೊತ್ತು ಬೆನ್ನು ಗೂನಾಗಿಸಿ ಕುಳಿತಾಗ ಬೆನ್ನಿನ ಹಿಂಬದಿಯ ಕಟ್ಟುನಾರುಗಳು ಸಡಿಲಗೊಂಡಿರುತ್ತವೆ. ಅವು ಮತ್ತೆ ಬಿಗಿಯಾಗಲು ಸ್ವಲ್ಪ ಸಮಯ ಬೇಕು. ಆ ಗಳಿಗೆಯಲ್ಲೇ ಭಾರ ಎತ್ತುವುದು ಎಲ್ಲಕ್ಕಿಂತ ಕೆಟ್ಟದ್ದು.

ಕುಲುಕಾಟಕ್ಕೂ ಒಂದು ವಿಜ್ಞಾನವಿದೆ. ಕುಳಿತಿರುವ ಮನುಷ್ಯನ ದೇಹ ಮೇಲೆ ಕೆಳಗೆ ಅಲುಗುವಾಗ ಸೆಕೆಂಡಿಗೆ ಸುಮಾರು 5 ಬಾರಿಯ ಕಂಪನಕ್ಕೆ ಅತಿ ಹೆಚ್ಚಾಗಿ ಸ್ಪಂದಿಸುತ್ತದೆ. ವಾಹನಗಳು ಕೆಟ್ಟ ದಾರಿಯಲ್ಲಿ ಹುಟ್ಟಿಸುವ ಕಂಪನ ಹೆಚ್ಚಾಗಿ ಇದರ ಆಸುಪಾಸಿನದ್ದೇ. ಐರೋಪ್ಯ ಒಕ್ಕೂಟ 2002ರಲ್ಲಿ ಇದಕ್ಕೆಂದೇ ನಿಯಮ ತಂದಿತು. ಎಂಟು ಗಂಟೆಯ ಕೆಲಸಕ್ಕೆ ಲೆಕ್ಕ ಹಾಕಿದ ಕಂಪನ 0.5 ಮೀಟರ್ ಪ್ರತಿ ಸೆಕೆಂಡ್ ವರ್ಗ ದಾಟಿದರೆ ಮಾಲೀಕರು ಅದನ್ನು ತಗ್ಗಿಸುವ ಕ್ರಮ ಕೈಗೊಳ್ಳಬೇಕು, 1.15 ದಾಟುವಂತೆಯೇ ಇಲ್ಲ. ತೋಟದ ದಾರಿಯಲ್ಲಿ ಅಳೆಯುವ ಸಾಧನ ನಮ್ಮ ಬಳಿ ಇರಲಿಲ್ಲ. ಆದರೆ ಅಳತೆ ಬೇಡುವಷ್ಟು ಸಂಶಯವೂ ಇರಲಿಲ್ಲ.

ಇದರ ಜೊತೆಗೆ ಸಿಗ್ನಲ್ ಸಮಸ್ಯೆ. ಗ್ರಾಹಕರ ಮೊಬೈಲಿಗೆ ಒಟಿಪಿ ಬಾರದಿದ್ದರೆ ಸಿಗ್ನಲ್ ಸಿಗುವ ಏರಿಗೆ ಮತ್ತೆ ಅದೇ ದಾರಿಯಲ್ಲಿ ಹೋಗಿ ಬರಬೇಕು. ಮೂವತ್ತು ಪಾರ್ಸೆಲ್ ಎಂಬುದು ಕಾಗದದ ಮೇಲಿನ ಸಂಖ್ಯೆ. ಸೊಂಟದ ಲೆಕ್ಕ ಬೇರೆಯೇ. ಮಳೆಗಾಲದ ನಾಲ್ಕು ತಿಂಗಳು ಜಾರುವ ಮಣ್ಣು, ಆನೆ ಬಂದಿದೆ ಎಂಬ ಸುದ್ದಿಯ ದಿನಗಳ ಅವಸರ. ಇವನ್ನು ಬೇರೆ ಹೇಳಬೇಕಾಗಿಲ್ಲ.

ಬಡಾವಣೆಗಳ ರೂಟ್, ಅಂದರೆ ಜಯನಗರ, ಕಲ್ಯಾಣನಗರ, ಹೌಸಿಂಗ್ ಬೋರ್ಡ್ ಕಡೆ, ಅವರೇ ಬಿಟ್ಟು ಬಂದದ್ದು. ದಾರಿ ಚೆನ್ನಾಗಿದೆ, ದೂರ ಕಡಿಮೆ. ಆದರೆ ಮಾಲೀಕರು ಕೆಳಗೆ, ಬಾಡಿಗೆದಾರರು ಮೇಲೆ. ಆನ್‌ಲೈನಿನಲ್ಲಿ ಹೆಚ್ಚು ತರಿಸುವವರು ಆ ಮೇಲಿನ ಮನೆಯವರೇ. ದಿನಕ್ಕೆ ನಲವತ್ತು ಮನೆಗೆ ಒಂದೊಂದು ಮಹಡಿ ಎಂದರೂ ಎಂಟುನೂರು ಮೆಟ್ಟಿಲು ಹತ್ತಿ ಅಷ್ಟನ್ನೇ ಇಳಿಯಬೇಕು. ಮೆಟ್ಟಿಲಿನಲ್ಲಿ ಮಂಡಿಚಿಪ್ಪಿನ ಹಿಂದೆ ಬೀಳುವ ಒತ್ತಡ ದೇಹತೂಕದ ಸುಮಾರು ಮೂರು ಪಟ್ಟು. ಹತ್ತುವುದಕ್ಕಿಂತ ಇಳಿಯುವಾಗಲೇ ನೋವು ಹೆಚ್ಚೆಂದು ಅವರು ಹೇಳಿದ್ದೂ ಅದಕ್ಕೆ ಹೊಂದುತ್ತದೆ. ಮಂಡಿ ಈಗಷ್ಟೇ ಸುಧಾರಿಸಿರುವಾಗ ಅಲ್ಲಿಗೆ ಮರಳುವ ಮಾತೇ ಇಲ್ಲ.

ಲಕ್ಯಾ, ಸಖರಾಯಪಟ್ಟಣದ ಕಡೆಯ ಬಯಲಿನ ರೂಟ್ ಬಗ್ಗೆ ಇಬ್ಬರಿಗೂ ಆಸೆ ಇತ್ತು. ಕಡೂರಿಗೆ ಹೋಗುವ ಹೆದ್ದಾರಿ ನುಣುಪಾಗಿದೆ, ಹಳ್ಳಿಯ ಮನೆಗಳಿಗೆ ಮಹಡಿ ಇಲ್ಲ, ಊರ ಮುಂದಿನ ಅಂಗಡಿಯಲ್ಲೇ ನಾಲ್ಕಾರು ಪಾರ್ಸೆಲ್ ಒಟ್ಟಿಗೆ ಕೊಟ್ಟುಬರಬಹುದು. ಮಂಡಿ ಮಾತ್ರ ನೋಯುವವರಿಗೆ ನಾನು ಕಣ್ಣುಮುಚ್ಚಿ ಹೇಳುವ ರೂಟ್ ಅದು. ಇವರ ತೊಡಕು ಕುಳಿತಿರುವುದು. ಒಂದೊಂದು ಊರಿನ ನಡುವೆ ಒಂದೇ ಭಂಗಿಯಲ್ಲಿ ಇಪ್ಪತ್ತು ಮೂವತ್ತು ನಿಮಿಷ, ಎದುರುಗಾಳಿಗೆ ಬಾಗಿ. ಇದನ್ನು ಎರಡನೆಯ ಆಯ್ಕೆಯಾಗಿ ಇಟ್ಟುಕೊಂಡೆವು.

ಉಳಿದದ್ದು ಪೇಟೆ. ಎಂ.ಜಿ. ರಸ್ತೆ, ಐ.ಜಿ. ರಸ್ತೆ, ಮಾರುಕಟ್ಟೆಯ ಸುತ್ತು, ಬಸವನಹಳ್ಳಿಯ ಒಂದಷ್ಟು ಭಾಗ. ದಿನಕ್ಕೆ ಎಂಬತ್ತು ತೊಂಬತ್ತು ಪಾರ್ಸೆಲ್. ಹಬ್‌ನಲ್ಲಿ ಯಾರೂ ಕೇಳಿ ಪಡೆಯುವುದಿಲ್ಲ: ನಿಲ್ಲಿಸಲು ಜಾಗವಿಲ್ಲ, ಟ್ರಾಫಿಕ್, ಅಂಗಡಿಯವರು ಕಾಯಿಸುತ್ತಾರೆ. ಆದರೆ ಪುಸ್ತಕದ ಲೆಕ್ಕ ಬೇರೆಯೇ ಹೇಳುತ್ತಿತ್ತು. ಹೆಚ್ಚಿನವು ಅಂಗಡಿ, ಬ್ಯಾಂಕ್, ಕಚೇರಿ, ಮೆಡಿಕಲ್ ಸ್ಟೋರ್. ಕೊಡುವುದು ನೆಲಮಹಡಿಯಲ್ಲಿ, ಕೌಂಟರ್ ಮೇಲೆ, ಅಂದರೆ ಸೊಂಟದ ಎತ್ತರದಲ್ಲಿ. ಸಣ್ಣ ಪೊಟ್ಟಣಗಳೇ ಜಾಸ್ತಿ. ಒಂದು ಕಡೆ ಗಾಡಿ ನಿಲ್ಲಿಸಿದರೆ ಹತ್ತು ಹದಿನೈದು ಪಾರ್ಸೆಲ್ ನಡೆದುಕೊಂಡೇ ಮುಗಿಯುತ್ತವೆ. ಒಂದೇ ಸಮನೆ ಕುಳಿತಿರುವುದು ಐದು ನಿಮಿಷ ಮೀರುವುದಿಲ್ಲ. ಅಂಗಡಿ ತೆರೆದೇ ಇರುವುದರಿಂದ ಕೊಡಲಾಗದೆ ಹೊತ್ತು ತರುವ ರಿಟರ್ನ್ ಕಡಿಮೆ. ಜನ ದೂರುವ 'ನಡೆದು ನಡೆದು ಸಾಕಾಗುತ್ತದೆ' ಎಂಬುದೇ ಇವರಿಗೆ ಬೇಕಾದ ಮದ್ದು.

ಒಪ್ಪಿಸಿದ್ದು

ಅವರು ತಕ್ಷಣ ಒಪ್ಪಲಿಲ್ಲ. "ಇರುವ ಮೂವತ್ತನ್ನೇ ಎತ್ತಲಾಗುತ್ತಿಲ್ಲ, ತೊಂಬತ್ತು ಎತ್ತು ಎನ್ನುತ್ತೀರಲ್ಲ" ಎಂದರು. ಭಯ ನ್ಯಾಯವಾದದ್ದೇ. ಮನೆಯಲ್ಲಿ ಇಬ್ಬರು ಮಕ್ಕಳ ಶಾಲೆ ನಡೆಯುತ್ತಿರುವುದು ಈ ದುಡಿಮೆಯಲ್ಲಿ. ಪ್ರಯೋಗ ಮಾಡಿ ನೋಡುವ ಐಷಾರಾಮ ಅವರಿಗಿಲ್ಲ. ಎರಡು ವಾರದ ಮಟ್ಟಿಗೆ ಬದಲಾಯಿಸೋಣ, ಪ್ರತಿ ಸಂಜೆ ನೋವಿನ ಅಂಕ ಬರೆಯಿರಿ, ಹೆಚ್ಚಾದರೆ ಕಡೂರು ಕಡೆಯ ರೂಟ್ ಎಂದು ಮಾತಾಯಿತು. ಉಸ್ತುವಾರಿಯೂ ಒಪ್ಪಿದರು. ಬೇಡದ ರೂಟ್‌ಗೆ ಒಬ್ಬರು ತಾವಾಗಿ ಬರುತ್ತಿದ್ದರಲ್ಲ.

ರೂಟ್ ಬದಲಾದರೆ ಸಾಲದು, ಅದರೊಳಗಿನ ಕ್ರಮವೂ ಬದಲಾಗಬೇಕು. ಭಾರದ ಪಾರ್ಸೆಲ್‌ಗಳನ್ನು ಮೊದಲು ಕೊಟ್ಟು ಹಗುರಾಗುವುದು ಎಲ್ಲರ ರೂಢಿ. ಇವರಿಗೆ ಬೆಳಗಿನ ಸೊಂಟ ಗಟ್ಟಿಯಿಲ್ಲ. ಆದ್ದರಿಂದ ಮೊದಲ ಸುತ್ತು ಪೊಟ್ಟಣಗಳದ್ದು, ಮೈ ಬಿಸಿಯಾದ ಮೇಲೆ ಹನ್ನೊಂದರ ಸುಮಾರಿಗೆ ಹಬ್‌ಗೆ ಮರಳಿ ದೊಡ್ಡವನ್ನು ಒಯ್ಯುವುದು. ಪೇಟೆ ಹತ್ತಿರವಿದ್ದುದರಿಂದ ಇದು ಸಾಧ್ಯವಾಯಿತು, ತೋಟದ ರೂಟ್‌ನಲ್ಲಿ ಆಗುತ್ತಿರಲಿಲ್ಲ.

ಅಮೆರಿಕದ ಯುಪಿಎಸ್ ಎಂಬ ಪಾರ್ಸೆಲ್ ಸಂಸ್ಥೆ ತನ್ನ ವಾಹನಗಳು ಆದಷ್ಟು ಎಡಕ್ಕೆ ತಿರುಗದಂತೆ ದಾರಿ ರೂಪಿಸುತ್ತದೆ. ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸುವುದರಿಂದ, ಎಡ ತಿರುವೆಂದರೆ ಎದುರಿನ ವಾಹನಗಳನ್ನು ಕಾಯಬೇಕು. ನಮ್ಮಲ್ಲಿ ಅದೇ ತೊಂದರೆ ಬಲ ತಿರುವಿನದ್ದು. ಅವರು ಇಂಧನ, ಸಮಯ ಉಳಿಸಲು ಮಾಡಿದ್ದನ್ನು ನಾವು ಸೊಂಟಕ್ಕಾಗಿ ಮಾಡಿದೆವು. ಪ್ರತಿ ಬಲ ತಿರುವಿಗೂ ಕಾಲು ನೆಲಕ್ಕೂರಿ, ಗಾಡಿಯ ಭಾರ ತಡೆದು, ಕುತ್ತಿಗೆ ಸೊಂಟ ಎರಡನ್ನೂ ತಿರುಚಿ ಹಿಂದೆ ನೋಡಬೇಕಾಗುತ್ತದೆ. ಎಂ.ಜಿ. ರಸ್ತೆಯ ಎಡಬದಿಯ ಅಂಗಡಿಗಳನ್ನೆಲ್ಲ ಮುಗಿಸಿ, ತುದಿಯಲ್ಲಿ ಒಮ್ಮೆ ಮಾತ್ರ ತಿರುಗಿ, ಇನ್ನೊಂದು ಬದಿಯನ್ನು ಬರುವಾಗ ಮುಗಿಸುವುದು ಎಂದು ಪಾರ್ಸೆಲ್‌ಗಳನ್ನು ಜೋಡಿಸತೊಡಗಿದರು. ಆಪ್ ತೋರಿಸುವ ಕ್ರಮ ಬೇರೆ ಇತ್ತು. ಅದು ದೂರವನ್ನು ನೋಡುತ್ತದೆಯೇ ಹೊರತು ತಿರುವನ್ನಲ್ಲ.

ಗಾಡಿಯ ವಿಷಯ. ಬೈಕ್ ಬಿಟ್ಟು ಹೆಂಡತಿಯ ಸ್ಕೂಟರ್ ತೆಗೆದುಕೊಂಡರು. ಕಾಲನ್ನು ಎತ್ತಿ ಸೀಟು ದಾಟಿಸುವ ಕೆಲಸವಿಲ್ಲ. ಕಾಲಿಡುವ ಹಲಗೆಯ ಮೇಲೆ ಒಂದು ಕ್ರೇಟ್ ಕೂರುತ್ತದೆ, ಹೆಗಲಿನ ಚೀಲ ಅರ್ಧಕ್ಕರ್ಧ ಖಾಲಿ. ಸ್ಕೂಟರಿನ ಚಕ್ರ ಚಿಕ್ಕದು, ಗುಂಡಿಯಲ್ಲಿ ಬೈಕಿಗಿಂತ ಹೆಚ್ಚು ಕುಲುಕುತ್ತದೆ. ಆಲ್ದೂರು ಕಡೆ ಅದನ್ನು ಒಯ್ಯಿರಿ ಎಂದು ನಾನು ಹೇಳುತ್ತಿರಲಿಲ್ಲ. ಉಳಿದ ಚೀಲದ ಪಟ್ಟಿಯನ್ನು ಸಡಿಲಿಸಿ ಅದರ ತಳ ಹಿಂದಿನ ಸೀಟಿನ ಮೇಲೆ ಕೂರುವಂತೆ ಮಾಡಿದೆವು. ಸೆಂಟರ್ ಸ್ಟ್ಯಾಂಡ್ ಬೇಡ, ಸೈಡ್ ಸ್ಟ್ಯಾಂಡ್ ಸಾಕು. ಇಳಿದ ಮೇಲೆ ಪಾರ್ಸೆಲ್‌ಗೆ ಕೈ ಹಾಕುವ ಮೊದಲು ನೆಟ್ಟಗೆ ನಿಂತು ಎರಡು ದೀರ್ಘ ಉಸಿರು.

ವ್ಯಾಯಾಮವೂ ಇತ್ತು: ಸೊಂಟ ಬಗ್ಗಿಸದೆ ತೊಡೆಸಂದಿನಿಂದ ಬಾಗುವ ಅಭ್ಯಾಸ, ಮಂಡಿಗೆ ಒಂದೇ ಮೆಟ್ಟಿಲಿನಿಂದ ನಿಧಾನವಾಗಿ ಇಳಿಯುವ ಅಭ್ಯಾಸ. ಆದ್ದರಿಂದ ಸುಧಾರಣೆ ಎಲ್ಲವೂ ರೂಟ್‌ನಿಂದ ಬಂದದ್ದು ಎಂದು ನಾನು ಹೇಳುವುದಿಲ್ಲ. ಆದರೆ ತೋಟದ ರೂಟ್‌ನಲ್ಲಿದ್ದ ಕೊನೆಯ ವಾರಗಳಲ್ಲೂ ಇದೇ ವ್ಯಾಯಾಮ ನಡೆದಿತ್ತು, ಅಂಕ ಏಳರಿಂದ ಕದಲಿರಲಿಲ್ಲ.

ಏನಾಯಿತು

ಪೇಟೆಗೆ ಬಂದ ಮೊದಲ ಮೂರು ದಿನ ಕಾಲಿನ ಮೀನಖಂಡ ನೋವು. ಎರಡನೆಯ ವಾರದ ಕೊನೆಗೆ ಸೊಂಟದ ಅಂಕ ಐದಕ್ಕೆ, ಒಂದೂವರೆ ತಿಂಗಳಿಗೆ ಮೂರಕ್ಕೆ ಇಳಿಯಿತು. ಬೆಳಗಿನ ಬಿಗಿತ ಇನ್ನೂ ಇದೆ, ಆದರೆ ಅರ್ಧ ಗಂಟೆಯೊಳಗೆ ಬಿಡುತ್ತದೆ. ದುಡಿಮೆ ತೋಟದ ರೂಟ್‌ನಲ್ಲಿದ್ದಾಗಿನದಕ್ಕಿಂತ ತುಸು ಮೇಲೆಯೇ ಆಯಿತು. ಪೆಟ್ರೋಲ್ ಖರ್ಚು ಬಹಳ ಇಳಿಯಿತು. ಕಳೆದುಕೊಂಡದ್ದೂ ಇದೆ. ತೋಟದ ಮನೆಗಳ ಪ್ರೀತಿ ಪೇಟೆಯಲ್ಲಿ ಸಿಗುವುದಿಲ್ಲ ಎಂದು ಅವರು ಎರಡು ಮೂರು ಸಲ ಹೇಳಿದರು. ಕಾಯಿಸುವ ಅಂಗಡಿಗಳ ಮೇಲಿನ ಸಿಟ್ಟಿನಲ್ಲಿ ಸಂಜೆ ತಲೆ ಸಿಡಿಯುತ್ತದೆ ಎಂಬುದೂ ನಿಜ.

ಬಗೆಹರಿಯದೆ ಉಳಿದದ್ದು ಮೂರು. ಮೊದಲನೆಯದು 20 ಕಿಲೋ ದಾಟುವ ಪಾರ್ಸೆಲ್‌ಗಳು: ಡಂಬೆಲ್, ಗ್ರೈಂಡರ್, ಬ್ಯಾಟರಿ. ಅವನ್ನು ಎತ್ತುವ ಮೊದಲು ಗ್ರಾಹಕರಿಗೆ ಕರೆ ಮಾಡಿ, ಇಳಿಸಿಕೊಳ್ಳಲು ಒಬ್ಬರು ಬರಬೇಕೆಂದು ಕೇಳಲು ಶುರುಮಾಡಿದ್ದಾರೆ. ಹೆಚ್ಚಿನವರು ಬರುತ್ತಾರೆ, ಬಾರದವರದ್ದು ಉಸ್ತುವಾರಿಯ ಅನುಮತಿಯಿಂದ ಮರುದಿನ ಗೂಡ್ಸ್ ಆಟೋದಲ್ಲಿ ಹೋಗುತ್ತದೆ.

ಎರಡನೆಯದು ಹಣದ ರಕ್ಷಣೆ. ರಾಜ್ಯದಲ್ಲಿ ಗಿಗ್ ಕಾರ್ಮಿಕರಿಗೆ, ಅಂದರೆ ಆಪ್ ಮೂಲಕ ಹೀಗೆ ಕೆಲಸದ ಲೆಕ್ಕಕ್ಕೆ ದುಡಿಯುವವರಿಗೆ, ಅಪಘಾತ ವಿಮೆ ಇದೆ. 2025ರಲ್ಲಿ ಬಂದ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಕಾನೂನು, ಕೆಲಸ ಹಂಚುವ ವ್ಯವಸ್ಥೆ ಪಾರದರ್ಶಕವಾಗಿರಬೇಕು ಎಂದೂ ಹೇಳುತ್ತದೆ. ಬಿದ್ದು ಮುರಿದ ಕೈಗೆ ವಿಮೆ ಸಿಗಬಹುದು. ದಿನದಿನವೂ ಸವೆದು ಕೆಟ್ಟ ಸೊಂಟಕ್ಕೆ ಸಿಗುವುದಿಲ್ಲ, ಏಕೆಂದರೆ ಅದಕ್ಕೊಂದು ಅಪಘಾತದ ದಿನಾಂಕವಿಲ್ಲ. ನನ್ನನ್ನು ಅತ್ಯಂತ ಕಾಡುವುದು ಇದೇ.

ಮೂರನೆಯದು ಆಲ್ದೂರು ಕಡೆಯ ರೂಟ್. ಅದನ್ನು ಈಗ ಇಪ್ಪತ್ತನಾಲ್ಕರ ಹುಡುಗನಿಗೆ ಕೊಟ್ಟಿದ್ದಾರೆ. ಒಬ್ಬರ ಸೊಂಟದ ನೋವನ್ನು ಇನ್ನೊಬ್ಬರಿಗೆ ದಾಟಿಸುವುದು ಚಿಕಿತ್ಸೆಯಲ್ಲ ಎಂದು ಉಸ್ತುವಾರಿಗೆ ನೇರವಾಗಿಯೇ ಹೇಳಿದೆ. ಸದ್ಯಕ್ಕೆ ಒಪ್ಪಿರುವುದು ಇಷ್ಟು: ಹಿಂಬದಿಗೆ ಬಾಕ್ಸ್ ಕಟ್ಟಿಸಿ ಹೆಗಲಿನ ಚೀಲ ತೆಗೆಸುವುದು, ಒಪ್ಪಿದ ತೋಟಗಳಲ್ಲಿ ಪಾರ್ಸೆಲ್ ಅನ್ನು ಗೇಟ್ ಬಳಿ ತೋಟದ ಲೆಕ್ಕ ಬರೆಯುವ ರೈಟರ್ ಕೈಗೆ ಕೊಟ್ಟು, ಒಳದಾರಿಯನ್ನು ತಪ್ಪಿಸುವುದು. ಮೂರು ತಿಂಗಳಿಗೊಮ್ಮೆ ರೂಟ್ ಬದಲಿಸಬೇಕೆಂಬ ಕೋರಿಕೆ ಮೇಲಿನ ಕಚೇರಿಗೆ ಹೋಗಿದೆ, ಉತ್ತರ ಬಂದಿಲ್ಲ. ಆ ಹುಡುಗನನ್ನು ಕ್ಲಿನಿಕ್‌ಗೆ ಕರೆಸಿ ನೋಡಿದ್ದೇನೆ. ಈಗ ಅವನಿಗೆ ಯಾವ ನೋವೂ ಇಲ್ಲ. ಬಗ್ಗುವ ಅಳತೆ, ಬೆನ್ನಿನ ಸ್ನಾಯುಗಳ ಬಲ ಎರಡನ್ನೂ ಬರೆದಿಟ್ಟುಕೊಂಡಿದ್ದೇನೆ. ಮಳೆಗಾಲ ಮುಗಿದ ಮೇಲೆ ಅವನನ್ನು ಮತ್ತೆ ಪರೀಕ್ಷಿಸುವುದೆಂದು ನಿಗದಿಯಾಗಿದೆ.